ಬಾಬ್ ಮಾವ

ಅಪ್ಪನದು ಹೆಬ್ಬೆಟ್ಟು.
ಆದರೂ ನಮ್ಮ ಮನೆಗೆ ಇಂಗ್ಲಿಷ್ ಬಂದದ್ದು
ಅವನ ಸೈಕಲ್ಲಿನ ಮೇಲೆಯೇ,
ಖಾಲಿ ಕ್ಯಾನುಗಳ ಜೊತೆ ಗಡಗಡ ಅಲ್ಲಾಡುತ್ತ.

ಕೋಳಿ ಕೂಗುವ ಮುಂಚೆ ಬೇತಮಂಗಲದ ರಸ್ತೆ ಹಿಡಿದು
ಊರಿಗಾಮಿನ ಬಂಗಲೆ ಸಾಲಿಗೆ ಹಾಲು.
ಗಣಿಯ ಸೈರನ್ನು ಕೂಗಿ ಪಾಳಿ ಬದಲಾದ ಮೇಲೆ ವಾಪಸು,
ಜೇಬಿನಲ್ಲಿ ದುಡ್ಡು, ಬಾಯಲ್ಲಿ ಒಂದು ಹೊಸ ಮಾತು.
ಕೊಡುತ್ತಿದ್ದವಳು ಎನಿಡ್ ಪೆರೇರಾ, ಗಣಿ ಆಸ್ಪತ್ರೆಯ ನರ್ಸು,
ಅಪ್ಪನ ಬಾಯಲ್ಲಿ ದೊರೆಸಾನಿ.
ಚಿಲ್ಲರೆ ಇಲ್ಲದ ದಿನ
ಬದಲಿಗೆ ಗಾದೆ.

'ಆಲ್ ದಟ್ ಗ್ಲಿಟರ್ಸ್ ಈಸ್ ನಾಟ್ ಗೋಲ್ಡ್' ಅಂದಳಂತೆ ಒಮ್ಮೆ,
ಯಾರೋ ಫಿಟ್ಟರನ ಹೊಸ ಹೆಂಡತಿಯ ಸರ ನೋಡಿ.
ಅಪ್ಪ ನಕ್ಕುಬಿಟ್ಟನಂತೆ:
'ಇಲ್ಲಿ ಚಿನ್ನ ಹೊಳೆಯೋದೇ ಇಲ್ವಲ್ಲ ದೊರೆಸಾನಿ,
ಬೂದು ಕಲ್ಲು. ಅರೆದು, ಸೈನೈಡಲ್ಲಿ ನೆನೆಸಿದ ಮೇಲೆ ತಾನೆ.'
ಅವಳು ಆ ಗಾದೆ ವಾಪಸು ತಗೊಂಡಳು.
'ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್'
ನಮ್ಮ ಅಟ್ಟದ ಮೇಲೆ ಮೂರು ವರ್ಷ ಬಳಸದೆ ಬಿದ್ದಿತ್ತು.

ಅಪ್ಪನ ಕಾಲಿಗೆ ತುಕ್ಕುತಂತಿ ಚುಚ್ಚಿದಾಗ
ಸೂಜಿ ಹಾಕಿ, ಹತ್ತಿ ಒತ್ತಿ
'ಬಾಬ್ಸ್ ಯುವರ್ ಅಂಕಲ್!' ಅಂದಳು ದೊರೆಸಾನಿ.
ಅಲ್ಲಿಂದ ಮುಂದೆ ದಿನಾ ಸಂಜೆ
ಎಮ್ಮೆ ಕಟ್ಟಿ, ಕ್ಯಾನು ತೊಳೆದು ಬೋರಲು ಹಾಕಿ
ಕೈ ಒರೆಸಿಕೊಳ್ಳುತ್ತ ಅಪ್ಪ,
'ಬಾಬ್ ಮಾವ ಬಂದ.'
ಅಂದರೆ, ಕೆಲಸ ಮುಗೀತು.
ಅಮ್ಮ ಒಪ್ಪಲಿಲ್ಲ: 'ಮಾವ ಅಂದ್ಮೇಲೆ ನನ್ನ ಕಡೆಯೋನಾಗ್ಬೇಕು.
ನನಗಿರೋನು ಒಬ್ಬನೇ ತಮ್ಮ, ಪಿಳ್ಳಪ್ಪ.
ಇವನು ಯಾವ ಊರೋನು?'
ನಾವಂತೂ ಬಾಗಿಲ ಕಡೆ ನೋಡಿದ್ದೇವೆ, ಎಷ್ಟೋ ಸಂಜೆ,
ದಿನಾ ಬಂದೂ ಒಂದು ದಿನ ಊಟಕ್ಕೆ ಕೂರದ ಮಾವನಿಗಾಗಿ.

ಇನ್ನೊಂದು ಸಲ, ಅವಳ ಗೇಟಿನ ಹತ್ತಿರವೇ ಸೈಕಲ್ ಜಾರಿ
ಐದು ಸೇರು ಹಾಲು ಕೆಮ್ಮಣ್ಣು ಕುಡಿಯಿತು.
ಅಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತ.
'ನೋ ಯೂಸ್ ಕ್ರೈಯಿಂಗ್ ಓವರ್ ಸ್ಪಿಲ್ಟ್ ಮಿಲ್ಕ್, ಚೌಡಪ್ಪ'
ಅನ್ನುತ್ತ ಬಂದು
ಐದು ಸೇರಿನ ದುಡ್ಡನ್ನೂ ಎಣಿಸಿ ಅಂಗೈಗಿಟ್ಟಳು.
ಹೀಗಾಗಿ ಅಪ್ಪನ ನಿಘಂಟಿನಲ್ಲಿ ಆ ಮಾತಿನ ಅರ್ಥ:
ಚೆಲ್ಲಿದ್ದಕ್ಕೂ ಪೂರ್ತಿ ಲೆಕ್ಕ ಕೊಡುತ್ತೇನೆ.
ಕಡ ಕೇಳಲು ಬಂದವರು ಬಾಯಿ ಬಾರದೆ ನಿಂತರೆ
ಅದನ್ನೇ ಹೇಳಿ, ಮೊರದ ತುಂಬ ರಾಗಿ ತಂದು ಸುರಿಯುತ್ತಿದ್ದ.
ಅರ್ಥ ಅದಲ್ಲ ಅಂತ ನನಗೆ ತಿಳಿದದ್ದು
ಒಂಬತ್ತನೇ ಕ್ಲಾಸಿನಲ್ಲಿ.
ಹೇಳಲಿಲ್ಲ.

ಗಣಿ ಮುಚ್ಚಿತು. ದೊರೆಸಾನಿಯ ವರಾಂಡದೊಳಗೆ ಜಾಲಿ ಬೆಳೆದಿದೆ.
ಮೊನ್ನೆ ರಾಬರ್ಟ್‌ಸನ್‌ಪೇಟೆಯ ಇಸ್ಕೂಲಿನಲ್ಲಿ
ಮೊಮ್ಮಗಳ ಫಾರಂ ತುಂಬಿ, ಸೈನು ಹಾಕಿ,
ಬಾಯಿ ತಪ್ಪಿ ಅಂದೆ, 'ಬಾಬ್ಸ್ ಯುವರ್ ಅಂಕಲ್.'
ಇಂಗ್ಲಿಷ್ ಟೀಚರಮ್ಮ, ಚಿಕ್ಕ ಹುಡುಗಿ, ಕಣ್ಣೆತ್ತಿ
'ಯಾರ ಅಂಕಲ್ ಸಾರ್? ಗಾರ್ಡಿಯನ್ ಆದ್ರೆ
ಏಳನೇ ಕಾಲಂನಲ್ಲಿ ಬರೀರಿ.'
ಬರೆದುಬಿಡಲೇ ಅನ್ನಿಸಿತು.

ಅಪ್ಪ ಹೋದ ಮೂರನೇ ದಿನ, ಹಾಲು-ತುಪ್ಪ.
ಅಣ್ಣ ತಂಬಿಗೆ ಬಗ್ಗಿಸಿದ.
ಹೊಸ ಮಣ್ಣು, ಒಂದೇ ಗುಟುಕಿಗೆ ಕುಡಿಯಿತು.
ನಾಲಿಗೆ ತುದಿಗೆ ಬಂದೇ ಬಂತು ಆ ಮಾತು,
ಅದೂ ಅಪ್ಪನ ಅರ್ಥದಲ್ಲಿ.
ಎಷ್ಟು ಸೇರು, ಎಣಿಸಿ ಕೊಡುವವರು ಯಾರು
ಅಂತ ನಾನು ಬಿಸಿಲಲ್ಲಿ ನಿಂತೇ ಇದ್ದೆ.

ಕಾಲು ತೊಳೆದು ಒಳಗೆ ಬಂದಾಗ
ಅಮ್ಮ ಕಂಬಕ್ಕೆ ಒರಗಿದ್ದಳು,
ಬೋರಲು ಹಾಕಿದ ಕ್ಯಾನುಗಳ ಕಡೆ ಮುಖ.
'ಎಲ್ಲಾ ಮುಗೀತೇನೋ?'
'ಮುಗೀತಮ್ಮ.'
'ಹಂಗಾದ್ರೆ ಬಾಗಿಲು ಹಾಕ್ಬೇಡ್ರಿ,
ಆಯಪ್ಪ ಬರೋ ಹೊತ್ತು.
ಇವತ್ತಾದ್ರೂ ಉಂಡ್ಕೊಂಡು ಹೋಗ್ಲಿ.'